ನೋಡುವವರಿಗೆ ಕೊಡಬೇಕಾದ ಲೆಕ್ಕ

ಟಿ.ವಿ.ಯಲ್ಲಿ ಬರುವ ಪತ್ತೇದಾರಿ ಕಥೆಗಳ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕಾಗಿದೆ. ಕೊಲೆ, ಕಳವು, ಕಾಣೆಯಾದ ಮಗು, ಹುಟ್ಟಿನ ಗುಟ್ಟು, ಪೊಲೀಸು, ಕೋರ್ಟು. ಇವೆಲ್ಲ ಇರುವ ಕಥೆಗಳು. ಬರೆದವರು, ನಟಿಸಿದವರು ತಮ್ಮ ಮಾತನ್ನು ಸಂದರ್ಶನಗಳಲ್ಲಿ ಹೇಳಿಕೊಳ್ಳುತ್ತಾರೆ. ನೋಡಿದವರ ಮಾತು ಕಟ್ಟೆಯ ಮೇಲೇ ಉಳಿದುಬಿಡುತ್ತದೆ. ಆ ಕಟ್ಟೆಯ ಮಾತನ್ನು ಇವತ್ತು ಬಾನುಲಿಗೆ ತಂದಿದ್ದೇನೆ.

ಯಾವ ಊರಿನ ಕಟ್ಟೆ? ಕಮತಗಿಯದು. ಬಾಗಲಕೋಟೆ ಜಿಲ್ಲೆ, ಹುನಗುಂದ ತಾಲ್ಲೂಕು. ಬಾಗಲಕೋಟೆಯಿಂದ ಹುನಗುಂದದ ಕಡೆ ಹೊರಟರೆ ಅಮೀನಗಡಕ್ಕೆ ಮುಂಚೆ ಸಿಗುವ ಊರು. ನೇಕಾರರ ಊರು. ಹುಚ್ಚೇಶ್ವರ ಮಠದ ಊರು. ಮತ್ತೆ, ನಾಟಕದ ಊರು. 'ಶ್ರೀ ಹುಚ್ಚೇಶ್ವರ ನಾಟ್ಯ ಸಂಘ, ಕಮತಗಿ' ಎಂಬ ಹೆಸರನ್ನು ಉತ್ತರ ಕರ್ನಾಟಕದ ಜಾತ್ರೆಗಳಿಗೆ ಹೋದವರು ಕೇಳಿಯೇ ಇರುತ್ತೀರಿ. ಬಿ.ಆರ್. ಅರಿಷಿಣಗೋಡಿಯವರ ಹೆಸರಿನೊಂದಿಗೆ ಕೂಡಿಕೊಂಡ ವೃತ್ತಿ ನಾಟಕ ಕಂಪನಿ ಅದು. ಇದೇ ತಾಲ್ಲೂಕಿನ ಸೂಳೇಬಾವಿ ನಾಟಕಕಾರ ಪಿ.ಬಿ. ಧುತ್ತರಗಿಯವರ ಊರು. ಅವರ 'ಸಂಪತ್ತಿಗೆ ಸವಾಲ್' ನಾಟಕವೇ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಈ ಸೀಮೆಯ ಜನ ಕಥೆಯನ್ನು ಸುಮ್ಮನೆ ನೋಡುವವರಲ್ಲ. ಇಡೀ ರಾತ್ರಿ ಕೂತು ನಾಟಕ ನೋಡಿದ ಮನೆತನಗಳು ಇಲ್ಲಿವೆ. ಪಾತ್ರ ಎಲ್ಲಿ ಜಾರಿತು, ಮಾತು ಎಲ್ಲಿ ಸಪ್ಪೆಯಾಯಿತು ಎಂದು ಅಲ್ಲಲ್ಲೇ ಹೇಳಿ ರೂಢಿ. ಚಲೋ ಇದ್ದರೆ 'ಒನ್ಸ್ ಮೋರ್'. ಇಲ್ಲದಿದ್ದರೆ ಸೀಟಿ. ಅಂಥವರು ಈಗ ಟಿ.ವಿ. ಮುಂದೆ ಕೂತಿದ್ದಾರೆ. ಟಿ.ವಿ.ಗೆ ಸೀಟಿ ಹೊಡೆದರೆ ಕೇಳಿಸುವುದಿಲ್ಲ. ಅಷ್ಟೇ ವ್ಯತ್ಯಾಸ.

ಅವರೆಲ್ಲರ ಮಾತು ಕೇಳಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಗುಟ್ಟಿನ ಕಥೆ ಹೇಳುವವರು ನೋಡುವವರಿಗೆ ಸಾಲಗಾರರು. ಕಥೆಯ ಮೊದಲ ದಿನ 'ಒಂದು ಗುಟ್ಟಿದೆ, ಕೂತ್ಕೊಳ್ಳಿ' ಎಂದು ಹೇಳಿ ಕೂರಿಸುತ್ತಾರೆ. ಕೂತವರು ತಮ್ಮ ಸಮಯ ಕೊಡುತ್ತಾರೆ. ಕೂಲಿ ಮೇಲೆ ನೇಯುವ ಮನುಷ್ಯನಿಗೆ ಅರ್ಧ ತಾಸು ಅಂದರೆ ದುಡ್ಡು. ಆ ಸಾಲವನ್ನು ತೀರಿಸುವ ಬಗೆ ಹೇಗೆ? ಅದೇ ಇವತ್ತಿನ ವಿಷಯ.

ಮೊದಲು, ಗುಟ್ಟಿನಲ್ಲೇ ಎರಡು ಬಗೆ ಉಂಟು ಎಂಬುದನ್ನು ನೋಡೋಣ.

ಕಂಪನಿ ನಾಟಕದಲ್ಲಿ ಕೆಟ್ಟವನು ಯಾರು ಎಂಬುದು ಎಲ್ಲರಿಗೂ ಗೊತ್ತು. ಅವನು ರಂಗಕ್ಕೆ ಬಂದ ಕೂಡಲೇ ಗೊತ್ತು. ಅವನ ಮೀಸೆ ಹೇಳುತ್ತದೆ, ಅವನ ನಗು ಹೇಳುತ್ತದೆ. ಗೊತ್ತಿಲ್ಲದವಳು ಕಥೆಯೊಳಗಿನ ತಂಗಿ ಒಬ್ಬಳೇ. ಚಹಾದ ಕಪ್ಪಿನಲ್ಲಿ ವಿಷ ಬಿದ್ದದ್ದನ್ನು ಮುಂದೆ ಕೂತವರು ನೋಡಿರುತ್ತಾರೆ. ಅವಳು ಕಪ್ಪನ್ನು ತುಟಿಗೆ ಒಯ್ಯುವಾಗ ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ, 'ಕುಡೀಬ್ಯಾಡವಾ!' ಇಲ್ಲಿ ಕುತೂಹಲ 'ಯಾರು' ಎಂಬುದಲ್ಲ. 'ಯಾವಾಗ ಸಿಕ್ಕಿಬೀಳ್ತಾನ' ಎಂಬುದು.

ಇದು ನಮ್ಮ ಹಳ್ಳಿಯ ನಾಟಕಕ್ಕಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ 1971ರಿಂದ 'ಕೊಲಂಬೋ' ಎಂಬ ಟಿ.ವಿ. ಸರಣಿ ಬರುತ್ತಿತ್ತು. ಅದರಲ್ಲಿ ಕೊಲೆಯನ್ನು ಶುರುವಿನಲ್ಲೇ ತೋರಿಸಿಬಿಡುತ್ತಿದ್ದರು. ಮಾಸಿದ ಮಳೆಕೋಟು ತೊಟ್ಟ ಪತ್ತೇದಾರ ಆಮೇಲೆ ಬರುತ್ತಾನೆ. ಅವನು ಹೇಗೆ ಹಿಡಿಯುತ್ತಾನೆ ಎಂಬುದಕ್ಕೆ ಜನ ಕಾಯುತ್ತಿದ್ದರು. ಕನ್ನಡದಲ್ಲಿ 2014ರಲ್ಲಿ ಬಂದ ರವಿಚಂದ್ರನ್ ಅವರ 'ದೃಶ್ಯ' ನೆನಪಿಸಿಕೊಳ್ಳಿ. ಮಲಯಾಳದಿಂದ ಬಂದ ಕಥೆ. ಸಾವು ಹೇಗಾಯಿತು ಎಂಬುದು ನಮಗೆ ಗೊತ್ತು. ಪೊಲೀಸರಿಗೆ ಗೊತ್ತಿಲ್ಲ. ನಾವು ತಪ್ಪು ಮಾಡಿದ ಮನೆಯವರ ಜೊತೆ ನಿಂತು ಉಸಿರು ಹಿಡಿದು ನೋಡುತ್ತೇವೆ.

ಇನ್ನೊಂದು ಬಗೆ ಓದುಗರ ಬಗೆ. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿದವರು ಈಗ ಅಜ್ಜಂದಿರಾಗಿದ್ದಾರೆ. ನಾಲ್ಕನೇ ಇಯತ್ತೆಯವರೆಗೆ ಓದಿದ್ದ ಆ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ ಅವರ ಮಗನಿದ್ದಂತೆ. ಕನ್ನಡದ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇವರ ಪುಸ್ತಕಗಳಲ್ಲಿ ಅಪರಾಧಿ ಯಾರೆಂದು ಪತ್ತೇದಾರನ ಜೊತೆಗೇ ಓದುಗನೂ ಹುಡುಕಬೇಕು. ಕೊನೆಯ ಪುಟ ಹರಿದುಹೋಗಿದ್ದರೆ ಆ ರಾತ್ರಿ ನಿದ್ದೆ ಇಲ್ಲ.

ಕಮತಗಿಯಲ್ಲಿ ಈ ಎರಡೂ ಬಗೆಯ ನೋಡುಗರು ಒಂದೇ ಮನೆಯಲ್ಲಿ ಸಿಗುತ್ತಾರೆ. ಹಿರಿಯ ಹೆಣ್ಣುಮಕ್ಕಳಿಗೆ ಮೊದಲನೆಯ ಬಗೆ ಇಷ್ಟ. ಕಾಲೇಜು ಹುಡುಗರಿಗೆ ಎರಡನೆಯದು. ಎರಡೂ ಚಲೋ. ಆದರೆ ಕಥೆ ಹೇಳುವವನು ತಾನು ಯಾವುದನ್ನು ಹೇಳುತ್ತಿದ್ದೇನೆ ಎಂದು ಮೊದಲೇ ನಿರ್ಧರಿಸಿರಬೇಕು. ಆರು ತಿಂಗಳು 'ಯಾರು' ಎಂದು ಕಾಡಿಸಿ, ಏಳನೆಯ ತಿಂಗಳಲ್ಲಿ ಅದನ್ನು ಮರೆತು 'ಯಾವಾಗ' ಎಂದು ದಾರಿ ಬದಲಿಸಿದರೆ ಎರಡೂ ಕೆಡುತ್ತವೆ. ನಮ್ಮ ಎಷ್ಟೋ ಧಾರಾವಾಹಿಗಳು ಕೆಟ್ಟಿರುವುದು ಹೀಗೇ.

ಗುಟ್ಟಿನ ಎರಡು ಬಗೆ ನೋಡಿದೆವು. ಈಗ ಎರಡನೆಯ ಬಗೆಯ ಕಥೆಯಲ್ಲಿ ನ್ಯಾಯ ಅಂದರೆ ಏನು ಎಂಬುದಕ್ಕೆ ಬರೋಣ.

ಮಗ್ಗದ ಮುಂದೆ ಕೂತಿದ್ದ ನಡುವಯಸ್ಸಿನ ನೇಕಾರರೊಬ್ಬರು ಹೇಳಿದ ಮಾತಿದು. 'ಕೊಂದಂವ ಯಾರಂತ ಮೊದಲ ಗೊತ್ತಾದ್ರ ನನಗ ಸಿಟ್ಟ ಬರಂಗಿಲ್ರಿ. ನಾ ಶಾಣ್ಯಾ ಅದೀನಿ ಅಂತ ಖುಷಿ ಆಕ್ಕೈತಿ. ಆದ್ರ ಕಡೀಕ ಯಾವನೋ ಹೊಸಬನ್ನ ತಂದ ನಿಂದ್ರಿಸಿ, ಇಂವನ ಕೊಂದಾನ ಅಂದ್ರ ಸಿಟ್ಟ ಬರ್ತೈತಿ. ಇಷ್ಟ ದಿನ ನಾವ್ ಯಾರನ್ ನೋಡಕೋತ ಕುಂತಿದ್ವಿ ಹಂಗಾರ?'

ಕೇಳುಗರೇ, ಈ ಮಾತನ್ನು ಇಂಗ್ಲೆಂಡಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿ 1929ರಲ್ಲೇ ಬರೆದಿಟ್ಟಿದ್ದ. ಅವನ ಹೆಸರು ರೊನಾಲ್ಡ್ ನಾಕ್ಸ್. ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದ. ಅಂಥ ಕಥೆಗೆ ಹತ್ತು ನಿಯಮ ಮಾಡಿದ. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ದೈವವಾಣಿ, ಆಕಸ್ಮಿಕ, ಇವುಗಳಿಂದ ಗಂಟು ಬಿಡಿಸಬಾರದು. ಇನ್ನೊಂದು ನಿಯಮ ಕೇಳಿದರೆ ನಮ್ಮ ಧಾರಾವಾಹಿಗಳೇ ನೆನಪಾಗುತ್ತವೆ. ಮೊದಲೇ ಸೂಚನೆ ಕೊಡದೆ ಅವಳಿ-ಜವಳಿಯನ್ನು ತರಬಾರದು!

ಸತ್ತವಳು ತಿರುಗಿ ಬಂದಳು ಎಂದುಕೊಂಡರೆ ಬಂದವಳು ಅವಳ ಅವಳಿ ತಂಗಿ. ಈ ತಿರುವನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ? ಮುನ್ನೂರು ಕಂತಿನವರೆಗೆ ಆ ತಂಗಿಯ ಹೆಸರು ಯಾರ ಬಾಯಲ್ಲೂ ಬಂದಿರುವುದಿಲ್ಲ. ಹೆತ್ತ ತಾಯಿಯ ಬಾಯಲ್ಲೂ ಬಂದಿರುವುದಿಲ್ಲ. ಇದು ತಿರುವಲ್ಲ. ಇದು ವಂಚನೆ.

ಹಾಗಾದರೆ ನೋಡುವವರನ್ನು ಬೆರಗುಗೊಳಿಸಲೇಬಾರದೇ? ಬೆರಗುಗೊಳಿಸಬೇಕು. ಆಗಾಥಾ ಕ್ರಿಸ್ಟಿ 1926ರಲ್ಲಿ ಬರೆದ ರೋಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿಯಲ್ಲಿ ಅಪರಾಧಿಯ ಹೆಸರು ಕೇಳಿ ಓದುಗರು ದಂಗಾದರು. ಕೆಲವರು ಮೋಸ ಎಂದೂ ಕೂಗಿದರು. ಆದರೆ ತಿರುಗಿ ಮೊದಲ ಪುಟದಿಂದ ಓದಿದರೆ ಸುಳಿವುಗಳೆಲ್ಲ ಅಲ್ಲೇ ಇದ್ದವು. ಬಚ್ಚಿಟ್ಟಿರಲಿಲ್ಲ. ನಾವೇ ಗಮನಿಸಿರಲಿಲ್ಲ. ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಓದದವರ ಪಾಲಿನ ಸುಖ ಅದು.

ಕನ್ನಡದಲ್ಲಿ ಸುನಿಲ್ ಕುಮಾರ್ ದೇಸಾಯಿಯವರು 1989ರಲ್ಲಿ 'ತರ್ಕ' ಮಾಡಿದರು. ಹಾಡಿಲ್ಲದ ಸಿನಿಮಾ. ಆ ಕಾಲಕ್ಕೆ ಅದು ಧೈರ್ಯದ ಕೆಲಸ. ಹಾಡು, ಕುಣಿತ, ಅಡ್ಡಕಥೆ ಏನೂ ಇಲ್ಲದೆ ನೋಡುವವನ ಬುದ್ಧಿಯನ್ನು ನಂಬಿ ಕಥೆ ಹೇಳಬಹುದು ಎಂದು ತೋರಿಸಿದ ಚಿತ್ರ. ಟಿ.ವಿ.ಯಲ್ಲಿ ಬಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' 1993ರಲ್ಲಿ ದೂರದರ್ಶನದಲ್ಲಿ ಬಂತು. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳು. ಧೋತರ ಉಟ್ಟ, ದನಿ ಏರಿಸದ ಪತ್ತೇದಾರ. ಬಹುತೇಕ ಕಥೆಗಳು ಒಂದೇ ಕಂತಿಗೆ ಮುಗಿಯುತ್ತಿದ್ದವು. ಅವನಿಗೆ ಕಂಡದ್ದು ನಮಗೂ ಕಾಣುತ್ತಿತ್ತು. ಅವನಿಗೆ ಹೊಳೆದದ್ದು ನಮಗೆ ಹೊಳೆಯುತ್ತಿರಲಿಲ್ಲ. ಸೋಲುವುದಕ್ಕೂ ಒಂದು ಸಂತೋಷವಿತ್ತು.

ಅಪರಾಧಿ ಮೊದಲೇ ಕಣ್ಣಿಗೆ ಬಿದ್ದಿರಬೇಕು, ಸುಳಿವು ಹಂಚಿಕೊಂಡಿರಬೇಕು ಎಂದೆವು. ಇದರ ಜೊತೆಗೇ ಬರುವ ಇನ್ನೊಂದು ಮಾತಿದೆ. ಗುಮಾನಿ ಯಾರ ಮೇಲೆ ಬೀಳುತ್ತದೆ?

ಈ ಮಾತನ್ನು ನನಗೆ ತಿಳಿಸಿಕೊಟ್ಟವರು ವಯಸ್ಸಾದ ಒಬ್ಬ ತಾಯಿ. ಬೇರೆಯವರ ಮನೆಗಳಲ್ಲಿ ಮುಸುರೆ ತಿಕ್ಕಿ ಮಕ್ಕಳನ್ನು ಬೆಳೆಸಿದವರು. 'ತಮ್ಮಾ, ಮನ್ಯಾಗ ಏನ ಕಳದ್ರೂ ಮೊದ್ಲ ಕೆಲಸದಾಕಿ ಮ್ಯಾಲ ಕಣ್ಣ. ಅದನ್ನ ನಾ ನೋಡೀನಿ. ಟಿ.ವಿ.ಯಾಗೂ ಹಂಗ ಮಾಡಿದ್ರ ಹ್ಯಾಂಗಪಾ?' ಎಂದರು.

ನಾನು ಆಮೇಲೆ ಗಮನ ಇಟ್ಟು ನೋಡತೊಡಗಿದೆ. ಆಕೆಯ ಮಾತು ಸುಳ್ಳಲ್ಲ. ಅಡುಗೆಯವನು, ಡ್ರೈವರ್, ತೋಟದ ಆಳು, ಮನೆಗೆಲಸದವಳು. ಕ್ಯಾಮೆರಾ ಇವರ ಮುಖದ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಒಂದು ಗಡಸು ದನಿ. ಪೊಲೀಸ್ ಸ್ಟೇಷನ್ನಿನಲ್ಲಿ ಇವರಿಗೇ ಮೊದಲ ಪೆಟ್ಟು. ಸಾಹೇಬರ ಮನೆಯವರಿಗೆ ಕುರ್ಚಿ, ನೀರು. ಕೊನೆಗೆ ಆಳು ನಿರಪರಾಧಿ ಎಂದು ಗೊತ್ತಾದಾಗ ಅವನ ಬಳಿ ಹೋಗಿ ಕೈ ಮುಗಿಯುವ ಒಂದು ದೃಶ್ಯವೂ ಇರುವುದಿಲ್ಲ. ಕಥೆ ಅವನನ್ನು ಬಳಸಿಕೊಂಡು ಬಿಟ್ಟುಬಿಡುತ್ತದೆ.

ಅಮೆರಿಕದ ಲೇಖಕ ಎಸ್.ಎಸ್. ವ್ಯಾನ್ ಡೈನ್ 1928ರಲ್ಲಿ ಇಪ್ಪತ್ತು ನಿಯಮ ಬರೆದ. ಅದರಲ್ಲೊಂದು, ಆಳುಕಾಳುಗಳನ್ನು ಅಪರಾಧಿ ಮಾಡಬಾರದು. ಅವನ ಕಾರಣ ಬೇರೆ. ಅದು ತೀರ ಸುಲಭದ ದಾರಿ, ಯಾರೂ ಗುಮಾನಿಪಡದ ದೊಡ್ಡ ಮನುಷ್ಯನೇ ಅಪರಾಧಿ ಆಗಿರಬೇಕು ಎಂದು ಅವನ ವಾದ. ಕಮತಗಿಯ ತಾಯಿಯ ಕಾರಣ ಅದಕ್ಕಿಂತ ದೊಡ್ಡದು. ಸಂಜೆ ಹೊತ್ತು ಟಿ.ವಿ. ನೋಡಿದ ಒಡತಿ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದವಳನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ. ಬರೆಯುವವರು ಇದನ್ನು ಮರೆಯಬಾರದು. ನಾನು ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ.

ನಿಜ ಘಟನೆಗಳನ್ನು ಹೇಳುವ ಕಾರ್ಯಕ್ರಮಗಳಿಗಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆಯವರ 'ಕ್ರೈಂ ಡೈರಿ' ಬಂದಾಗ ಅವರ ದನಿಗೇ ಮನೆ ಮನೆಯಲ್ಲಿ ಜನ ಕಟ್ಟಿಹಾಕಿದಂತೆ ಕೂರುತ್ತಿದ್ದರು. ಆಮೇಲೆ ಅಂಥವು ಹಲವು ಬಂದವು. ನಿಜದ ಕೊಲೆಯಲ್ಲಿ ಸತ್ತವರಿಗೆ ಅವ್ವ ಇರುತ್ತಾಳೆ, ಓಣಿ ಇರುತ್ತದೆ, ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ಅಲ್ಲಿ ಲೆಕ್ಕ ಕೊಡಬೇಕಾದದ್ದು ನೋಡುವವರಿಗೆ ಮಾತ್ರವಲ್ಲ. ಇಷ್ಟು ಹೇಳಿ ಕಾಲ್ಪನಿಕ ಕಥೆಗೇ ಮರಳುತ್ತೇನೆ.

ಸುಳಿವಿನ ನ್ಯಾಯ ಆಯಿತು, ಗುಮಾನಿಯ ನ್ಯಾಯ ಆಯಿತು. ಈಗ ಎಲ್ಲರೂ ಒಂದೇ ದನಿಯಲ್ಲಿ ಹೇಳಿದ ದೂರಿಗೆ ಬರೋಣ. ಎಳೆಯುವುದು.

ಟಿ.ವಿ. ಇಲ್ಲದವರೂ ಈಗ ಕೇಳುತ್ತಿದ್ದೀರಿ. ನಿಮಗಾಗಿ ಒಂದು ದೃಶ್ಯ ಹೇಳುತ್ತೇನೆ. ಕತ್ತಲ ಕೋಣೆ. ಹೊರಗೆ ಮಳೆ. ಒಬ್ಬ ಹೆಣ್ಣುಮಗಳು ಬಾಗಿಲ ಅಗುಳಿಗೆ ಕೈ ಹಾಕುತ್ತಾಳೆ. ಗುಡುಗಿನ ಸದ್ದು. ಅವಳ ಮುಖ ಹತ್ತಿರ ಬರುತ್ತದೆ. ಇನ್ನೂ ಹತ್ತಿರ. ಇನ್ನೂ ಹತ್ತಿರ. ಆಮೇಲೆ ಅತ್ತೆಯ ಮುಖ. ಆಮೇಲೆ ಮಾವ, ಮೈದುನ, ಅವನ ಹೆಂಡತಿ. ಪ್ರತಿ ಮುಖಕ್ಕೂ ಮೂರು ಸಲ ಗುಡುಗು. ಬಾಗಿಲು ಒಂದು ಗೇಣು ಸರಿಯುತ್ತದೆ. 'ಮುಂದುವರಿಯುವುದು.'

ಮರುದಿನ ಅದೇ ಬಾಗಿಲು. ಒಬ್ಬ ನೇಕಾರರ ಮನೆಯಾಕೆ ಹೇಳಿದರು, 'ಮೂರ ದಿನ ಆತ್ರಿ ಆ ಬಾಗಲಾ ತಗ್ಯಾಕ ಹತ್ತಿ. ಇನ್ನಾ ಒಳಗ ಯಾರ ಅದಾರ ತೋರಿಸಿಲ್ಲ. ನಾ ಅಷ್ಟರಾಗ ಒಂದ ಗಂಟ ಕಂಡಿಕಿ ಸುತ್ತಿ ಮುಗಿಸೇನಿ.'

ಯಾಕೆ ಹೀಗೆ ಎಳೆಯುತ್ತಾರೆ? ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದು ದಿನ ಬಂದರೂ ವರ್ಷಕ್ಕೆ ಸುಮಾರು 250 ಕಂತು. ಅರ್ಧ ತಾಸಿನಲ್ಲಿ ಜಾಹೀರಾತು ಕಳೆದರೆ ಇಪ್ಪತ್ತು ನಿಮಿಷ ಚಿಲ್ಲರೆ. ಅದರಲ್ಲಿ ಹಿಂದಿನ ದಿನದ ಕಥೆ ಸ್ವಲ್ಪ, ನಾಳೆಯ ಕಥೆ ಸ್ವಲ್ಪ. ಹಾಗಿದ್ದೂ ವರ್ಷಕ್ಕೆ ಎಂಬತ್ತು ತಾಸಿನಷ್ಟು ಕಥೆ ಬೇಕು. ಒಂದು ಕೊಲೆಯ ಗುಟ್ಟು ಅಷ್ಟು ದೂರ ಬಾರದು. ಬರೆಯುವವರು ದಿನದ ಅನ್ನ ದಿನ ಬೇಯಿಸುತ್ತಿರುತ್ತಾರೆ. ರೇಟಿಂಗ್ ಬಿದ್ದರೆ ಕಥೆ ತಿರುಗುತ್ತದೆ. ನಟ ಬಿಟ್ಟುಹೋದರೆ ಪಾತ್ರ ಸಾಯುತ್ತದೆ. ಶುರು ಮಾಡಿದಾಗ ಕೊಲೆಗಾರ ಯಾರೆಂದು ಬರೆದವರಿಗೇ ಗೊತ್ತಿಲ್ಲದಿದ್ದರೆ, ನೋಡುವವರಿಗೆ ಸುಳಿವು ಎಲ್ಲಿಂದ ಕೊಟ್ಟಾರು?

ದಿನದ ಧಾರಾವಾಹಿ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಮನೆಯ ಕಥೆಗೆ, ಮನಸ್ಸಿನ ಕಥೆಗೆ ಆ ಉದ್ದ ಒಗ್ಗುತ್ತದೆ. ಗುಟ್ಟಿನ ಕಥೆಗೆ ಒಗ್ಗುವುದಿಲ್ಲ. ಅದು ನನ್ನ ಅಭಿಪ್ರಾಯ. 'ಸಿಐಡಿ'ಯನ್ನು ನೋಡಿ. ಹಿಂದಿಯ ಸರಣಿ. 1998ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಓಡಿತು. ಸಾವಿರದ ಐನೂರಕ್ಕೂ ಹೆಚ್ಚು ಕಂತು. ಪ್ರದ್ಯುಮ್ನ, ದಯಾ, ಸಾಳುಂಕೆ ಎಂಬ ಹೆಸರುಗಳು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ಹಿಂದಿ ಪೂರ್ತಿ ತಿಳಿಯದ ಮುದುಕರೂ ದಯಾ ಬಾಗಿಲು ಒಡೆಯುವುದನ್ನು ಕಾದು ನೋಡುತ್ತಿದ್ದರು. ಯಾಕೆ? ಶುರುವಿನಲ್ಲಿ ಹೆಣ, ಕೊನೆಯಲ್ಲಿ ಕೈಕೋಳ. ಲೆಕ್ಕ ಹೆಚ್ಚಾಗಿ ಅವತ್ತಿಂದವತ್ತಿಗೆ ಚುಕ್ತಾ. ಅಲ್ಲಿನ ಪ್ರಯೋಗಾಲಯದ ಪರೀಕ್ಷೆಗಳು ನಂಬುವಂತಿರಲಿಲ್ಲ, ನಿಜ. ಆದರೂ ಜನ ಕ್ಷಮಿಸಿದರು. ಕನ್ನಡದಲ್ಲಿ 'ಶಾಂತಂ ಪಾಪಂ' ಕೂಡ ಸಣ್ಣ ಸಣ್ಣ ಕಥೆಗಳ ಸರಣಿಯಾಗಿ ಬಂದು ಹೀಗೇ ಜನರನ್ನು ಹಿಡಿಯಿತು.

ಇಲ್ಲಿಯವರೆಗೆ ಏನು ಹೇಳಿದೆ? ಗುಟ್ಟಿನ ಬಗೆ ಮೊದಲೇ ನಿರ್ಧಾರವಾಗಿರಬೇಕು. ಸುಳಿವು ಹಂಚಬೇಕು. ಬಡವರ ಮೇಲೆ ಸುಮ್ಮನೆ ಗುಮಾನಿ ಹಾಕಬಾರದು. ಎಳೆಯಬಾರದು. ಇವೆಲ್ಲಕ್ಕಿಂತ ದೊಡ್ಡದು ಒಂದಿದೆ. ಮುಗಿಸಬೇಕು.

ಅಮೆರಿಕದಲ್ಲಿ 2011ರಲ್ಲಿ 'ದಿ ಕಿಲ್ಲಿಂಗ್' ಎಂಬ ಸರಣಿ ಬಂತು. ಡೆನ್ಮಾರ್ಕಿನ ಕಥೆ ಅದರ ಮೂಲ. ಅಲ್ಲಿ 2007ರಲ್ಲಿ ಇಪ್ಪತ್ತು ಕಂತಿನಲ್ಲಿ ಒಂದು ಹುಡುಗಿಯ ಕೊಲೆಯ ತನಿಖೆ ನಡೆದು, ಕೊನೆಗೆ ಅಪರಾಧಿ ಸಿಕ್ಕಿದ್ದ. ಅಮೆರಿಕದವರು ಹದಿಮೂರು ಕಂತು ತೋರಿಸಿದರು. ಹದಿಮೂರನೆಯದರಲ್ಲಿ ಹೆಸರು ಗೊತ್ತಾಗುತ್ತದೆ ಎಂದು ಜನ ಕಾದು ಕೂತರು. ಗೊತ್ತಾಗಲಿಲ್ಲ. ಇನ್ನೊಂದು ವರ್ಷ ಕಾಯಿರಿ ಎಂದಂತಾಯಿತು. ನೋಡುಗರ ಸಿಟ್ಟು ಎಷ್ಟಿತ್ತೆಂದರೆ, ಮರುವರ್ಷ ಅಪರಾಧಿಯ ಹೆಸರು ಹೇಳಿದಾಗ ಕೇಳುವವರೇ ಕಡಿಮೆಯಾಗಿದ್ದರು.

ನಮ್ಮಲ್ಲಿ ನಡೆದದ್ದು ಇದಕ್ಕಿಂತ ನೋವಿನದು. ಟಿ.ಎನ್. ಸೀತಾರಾಂ ಅವರ 'ಮಗಳು ಜಾನಕಿ' 2018ರಲ್ಲಿ ಶುರುವಾಯಿತು. 1998ರ 'ಮಾಯಾಮೃಗ'ದಿಂದ 'ಮನ್ವಂತರ', 'ಮುಕ್ತ'ದವರೆಗೆ ಅವರ ಕಥೆಗಳಿಗೆ ಕರ್ನಾಟಕದ ತುಂಬ ನೋಡುಗರು. 'ಮಗಳು ಜಾನಕಿ'ಯಲ್ಲಿ ಹುಟ್ಟಿನ ಗುಟ್ಟಿತ್ತು. ಅಧಿಕಾರದಲ್ಲಿದ್ದವರ ಅಪರಾಧವಿತ್ತು. ಕರಿಕೋಟಿನ ವಕೀಲ ಸಿ.ಎಸ್.ಪಿ. ಆಗಿ ಸೀತಾರಾಂ ಅವರೇ ಕೋರ್ಟಿನಲ್ಲಿ ನಿಲ್ಲುತ್ತಿದ್ದರು. ಸಾಕ್ಷಿಯನ್ನು ಪ್ರಶ್ನಿಸುವಾಗ ಅವರ ದನಿ ತಗ್ಗುತ್ತಿತ್ತು. ತಗ್ಗಿದಷ್ಟೂ ನಾವು ಟಿ.ವಿ.ಯ ಹತ್ತಿರ ಸರಿಯುತ್ತಿದ್ದೆವು. ಅಲ್ಲಿ ಗುಡುಗಿನ ಸದ್ದು ಬೇಕಿರಲಿಲ್ಲ. ಒಂದು ಪ್ರಶ್ನೆ, ಒಂದು ಮೌನ, ಮತ್ತೊಂದು ಪ್ರಶ್ನೆ. ಗುಟ್ಟು ಮಾತಿನಿಂದಲೇ ಬಿಚ್ಚಿಕೊಳ್ಳುತ್ತಿತ್ತು.

2020ರಲ್ಲಿ ಲಾಕ್‌ಡೌನ್ ಬಂತು. ಚಿತ್ರೀಕರಣ ನಿಂತಿತು. ಧಾರಾವಾಹಿ ಮಧ್ಯದಲ್ಲೇ ಮುಗಿದುಹೋಯಿತು. ಕಾಲವೇ ಅಂಥದ್ದು. ಮಗ್ಗಗಳೂ ನಿಂತಿದ್ದವು. ಸೀರೆ ಕೊಳ್ಳುವವರಿರಲಿಲ್ಲ. ಯಾರನ್ನು ದೂರುವುದು? ಆದರೂ ಕಮತಗಿಯ ನಿವೃತ್ತ ಮಾಸ್ತರರೊಬ್ಬರು ಇವತ್ತಿಗೂ ಕೇಳುತ್ತಾರೆ, 'ಕಥಿ ಮುಂದ ಏನಾತು ಅಂತ ಯಾರನ್ನ ಕೇಳೋಣ್ರೀ? ಬಾಯಿ ಮಾತಿನ್ಯಾಗರ ಯಾರರೆ ಹೇಳಿದ್ರ ಸಾಕು.'

ಬಾಯಿ ಮಾತಿನಲ್ಲಾದರೂ. ಈ ಬೇಡಿಕೆಯಲ್ಲಿ ಎಷ್ಟು ಪ್ರೀತಿ ಇದೆ ನೋಡಿ. ಸೀತಾರಾಂ ಅವರಿಗೆ ಈ ಪ್ರೀತಿ ಗೊತ್ತಿತ್ತು. ಹಿಂದೆ 'ಮುಕ್ತ ಮುಕ್ತ' ಬರುತ್ತಿದ್ದಾಗ ಅವರು ಊರೂರಿಗೆ ಹೋಗಿ ನೋಡುಗರ ಜೊತೆ ಸಂವಾದ ನಡೆಸಿದ್ದರು. ಜನ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದರು. ಧಾರಾವಾಹಿ ಮಾಡಿದವರು ನೋಡುವವರ ಮುಂದೆ ಬಂದು ಉತ್ತರ ಕೊಟ್ಟ ಇಂಥ ಪ್ರಸಂಗ ನಮ್ಮಲ್ಲಿ ಅಪರೂಪ. ಅದನ್ನು ಬೇರೆಯವರು ಮುಂದುವರಿಸಬೇಕಿತ್ತು.

ಮುಗಿತಾಯದ ಬಗ್ಗೆ ನನಗೆ ಸಿಕ್ಕ ಬಲು ಚಂದದ ಮಾತು ಮತ್ತೆ ಮಗ್ಗದಿಂದಲೇ ಬಂದದ್ದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುತ್ತಾರೆ. ಆಮೇಲೆ ನೇಯುತ್ತಾರೆ. ಇಳಕಲ್ ಸೀರೆ ನೇಯ್ದ ಹಿರಿಯರೊಬ್ಬರು ಹೇಳಿದರು, 'ಸೆರಗಿನ್ಯಾಗ ಎಷ್ಟ ಎಳಿ ಅದಾವೋ, ಒಡಲನ್ಯಾಗೂ ಅಷ್ಟ ಇರಬೇಕ್ರಿ. ಒಂದ ಕೊಂಡಿ ಬಿಟ್ರ ಕಣ್ಣಿಗೆ ಹೊಡೀತೈತಿ. ಕೊಲಿ ಕಥಿನೂ ಹಂಗ. ಕಡೀ ದಿನ ಏನ್ ತೋರಿಸ್ತಾರೋ, ಅದರ ಎಳಿ ಮೊದ್ಲನೇ ದಿನದಾಗ ಇರಬೇಕು.'

ನಾಕ್ಸ್ ಪಾದ್ರಿಯ ಹತ್ತು ನಿಯಮ ಒಂದು ಕಡೆ. ಈ ಅಜ್ಜನ ಮಾತು ಒಂದು ಕಡೆ. ಬರೆಯುವವರಿಗೆ ಯಾವುದನ್ನು ಕೊಡಲಿ ಎಂದರೆ ನಾನು ಅಜ್ಜನ ಮಾತನ್ನೇ ಕೊಡುತ್ತೇನೆ.

ಕಥೆ ಹೇಳುವವರ ಸಾಲದ ಬಗ್ಗೆ ಇಷ್ಟು ಹೊತ್ತು ಮಾತಾಡಿದೆವು. ನೋಡುವವರಿಗೂ ಒಂದು ಸಣ್ಣ ಹೊಣೆ ಇದೆ. ಅದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಗುಟ್ಟು ಬಿಟ್ಟುಕೊಡಬಾರದು.

ಫ್ರಾನ್ಸಿಸ್ ಡರ್‌ಬ್ರಿಜ್ ಎಂಬ ಇಂಗ್ಲಿಷ್ ಲೇಖಕನಿದ್ದ. ಬಾನುಲಿಗೆ ಪತ್ತೇದಾರಿ ನಾಟಕ ಬರೆದೇ ಹೆಸರಾದವನು. ಅವನ ಒಂದು ಕಥೆ 1962ರಲ್ಲಿ ಪಶ್ಚಿಮ ಜರ್ಮನಿಯ ಟಿ.ವಿ.ಯಲ್ಲಿ ಆರು ಭಾಗಗಳಲ್ಲಿ ಬಂತು. ಟಿ.ವಿ. ಇದ್ದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಅದನ್ನೇ ನೋಡುತ್ತಿದ್ದರು. ಆ ಹೊತ್ತಿಗೆ ಬೀದಿಗಳು ಖಾಲಿ. ಕೊನೆಯ ಭಾಗಕ್ಕೆ ಮುಂಚೆ ವೋಲ್ಫ್‌ಗಾಂಗ್ ನೊಯ್ಸ್ ಎಂಬ ಹಾಸ್ಯನಟ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕೊಲೆಗಾರ ಯಾರೆಂದು ಹೇಳಿಬಿಟ್ಟ. ದೇಶವೇ ಅವನ ಮೇಲೆ ಬಿತ್ತು. ದ್ರೋಹಿ ಎಂದು ಒಂದು ಪತ್ರಿಕೆ ಬರೆಯಿತು.

ಈಗ ಮೊಬೈಲಿನಲ್ಲಿ ಕೆಲವು ಕಂತುಗಳು ಟಿ.ವಿ.ಗಿಂತ ಮೊದಲೇ ಬರುತ್ತವೆ. ದುಡ್ಡು ಕಟ್ಟಿ ನೋಡಿದ ಹುಡುಗ ಸಂಜೆ ಕಟ್ಟೆಯ ಮೇಲೆ ಬಾಯಿ ತೆರೆಯುತ್ತಾನೆ. ಅಲ್ಲಿದ್ದವರೆಲ್ಲ ಒಟ್ಟಿಗೆ ಬಾಯಿ ಮುಚ್ಚಿಸುತ್ತಾರೆ. 'ಹೇಳಬ್ಯಾಡಲೇ, ಸುಮ್ಮ ಕೂಡ!' ಆ ಗದರಿಕೆ ಕೇಳಿ ನನಗೆ ಖುಷಿಯಾಯಿತು. ಕಥೆಯನ್ನು ಜನ ಇನ್ನೂ ಕಾಪಾಡುತ್ತಿದ್ದಾರೆ.

ಕೊನೆಯದಾಗಿ ಒಂದು ಕೋರಿಕೆ. ಟಿ.ವಿ.ಯವರು ನನ್ನ ಮಾತು ಕೇಳುತ್ತಾರೋ ಇಲ್ಲವೋ. ಬಾನುಲಿಯವರನ್ನು ಕೇಳುವ ಹಕ್ಕು ನಮಗೆ ಇದೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಂದಿನಿಂದ ನಾಟಕದ ದೊಡ್ಡ ಪರಂಪರೆ ಅದಕ್ಕಿದೆ. ವಿವಿಧ ಭಾರತಿಯಲ್ಲಿ 'ಇನ್‌ಸ್ಪೆಕ್ಟರ್ ಈಗಲ್' ಕೇಳಿದ ಹಿರಿಯರು ಇನ್ನೂ ಇದ್ದಾರೆ. ಬಾನುಲಿಯಲ್ಲಿ ಮುಖ ತೋರಿಸಿ ಗುಡುಗು ಹಾಕಲು ಬಾರದು. ಹೆಜ್ಜೆ ಸಪ್ಪಳ, ಅಗುಳಿಯ ಸದ್ದು, ಮಾತಿನ ತಡವರಿಕೆ, ಇಷ್ಟೇ ಸುಳಿವು. ಕಣ್ಣು ಕಾಣದವರಿಗೂ ಕಾಣುವವರಿಗೂ ಸಮನಾದ ಸುಳಿವು.

ಅಮೆರಿಕದಲ್ಲಿ 1939ರಲ್ಲಿ 'ಎಲರಿ ಕ್ವೀನ್' ಎಂಬ ಬಾನುಲಿ ಸರಣಿ ಶುರುವಾಯಿತು. ಅದರಲ್ಲಿ ಸುಳಿವೆಲ್ಲ ಕೊಟ್ಟಾದ ಮೇಲೆ ಕಥೆಯನ್ನು ನಿಲ್ಲಿಸುತ್ತಿದ್ದರು. ಅತಿಥಿಗಳನ್ನು ಕೂರಿಸಿಕೊಂಡು, ಹೇಳಿ, ಅಪರಾಧಿ ಯಾರು, ಯಾಕೆ, ಎಂದು ಕೇಳುತ್ತಿದ್ದರು. ಅವರು ಹೇಳಿದ ಮೇಲೆ ಉತ್ತರ. ನಮ್ಮಲ್ಲೂ ಹಾಗೆ ಮಾಡಬಹುದು. ಹದಿಮೂರು ವಾರದ ಒಂದು ಕಥೆ. ನೇಕಾರರ ಓಣಿಯಲ್ಲಿ ನಡೆಯುವ ಕಥೆ. ನಮ್ಮ ಸೀಮೆಯ ಮಾತಿನಲ್ಲಿ. ಹನ್ನೆರಡನೆಯ ವಾರ ಸುಳಿವೆಲ್ಲ ಮುಗಿಯಲಿ. ಆಗ ಬಾನುಲಿಯವರು ಕಮತಗಿಗೆ ಬರಲಿ. ನಾಟಕದವರು, ಮಗ್ಗದವರು, ಮಾಸ್ತರರು, ಮುಸುರೆ ತಿಕ್ಕಿದ ತಾಯಿ, ಕಾಲೇಜು ಹುಡುಗರು, ಎಲ್ಲರ ಮುಂದೆ ಮೈಕು ಹಿಡಿಯಲಿ. ಕೊಂದವರು ಯಾರು, ಯಾವ ಸುಳಿವಿನಿಂದ ಗೊತ್ತಾಯಿತು ಎಂದು ಅವರ ಬಾಯಿಂದಲೇ ಕೇಳೋಣ. ಹದಿಮೂರನೆಯ ವಾರ ಬರೆದವರು ತಮ್ಮ ಉತ್ತರ ಹೇಳಲಿ. ಜನ ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂಬುದೂ ಪ್ರಸಾರವಾಗಲಿ.

ನಿಮಗೆ ಈ ಯೋಚನೆ ಹಿಡಿಸಿದರೆ ಆಕಾಶವಾಣಿಗೆ ಒಂದು ಕಾರ್ಡು ಬರೆಯಿರಿ. ಹಿಡಿಸಿದೆ ಎಂದಷ್ಟೇ ಬರೆಯಬೇಡಿ. ನೀವು ನೋಡಿದ ಅಥವಾ ಕೇಳಿದ ಯಾವ ಗುಟ್ಟಿನ ಕಥೆ ನಿಮಗೆ ಮೋಸ ಮಾಡಿತು, ಯಾವುದು ಮಾಡಲಿಲ್ಲ, ಯಾವ ದಿನ ಯಾವ ಎಳೆ ತಪ್ಪಿತು ಎಂಬುದನ್ನೂ ಬರೆಯಿರಿ. ಕಥೆ ಬರೆಯುವವರಿಗೆ ಆ ಕಾರ್ಡುಗಳನ್ನು ಮೊದಲು ಓದಲು ಕೊಡೋಣ.